ಉಪ್ಪು ಸ್ವಲ್ಪ ಕಮ್ಮಿ

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಮೊದಲು ಕಾಣುವುದು ಪುರಸಭೆಯವರು ಹಾಕಿಸಿದ ಹಳದಿ ಬೋರ್ಡು. ಬೇರೆ ಊರುಗಳಲ್ಲಾದರೆ ಅದರ ಮೇಲೆ ಸುಸ್ವಾಗತ ಎಂದಿರುತ್ತದೆ. ನಮ್ಮದರ ಮೇಲೆ ‘ಬಂದಿರಾ’ ಎಂದಷ್ಟೇ ಇದೆ. ಅದರ ಎದುರಿಗೆ ಹಾಗೂಹೀಗೂ ಹೋಟೆಲ್, ಪಕ್ಕದಲ್ಲಿ ಸುಮಾರು ಟೈಲರ್ಸ್, ಮೂಲೆಯಲ್ಲಿ ಗತಿಯಿಲ್ಲದಿದ್ದರೆ ಮೆಡಿಕಲ್ಸ್. ಹೋಟೆಲಿನ ಮಾಲೀಕ ಗಿರಾಕಿ ಕೂರುವ ಮೊದಲೇ ಬಂದು, ದೋಸೆ ಸೀದಿದೆ, ಚಟ್ನಿ ಹಳಸಿದರೂ ಹಳಸಿರಬಹುದು, ಕಾಫಿ ಕುಡಿದವರು ಬೈದುಕೊಂಡು ಹೋಗುತ್ತಾರೆ ಎಂದು ಹೇಳಿ, ಆಮೇಲೆ ಏನು ಕೊಡಲಿ ಎಂದು ಕೇಳುತ್ತಾನೆ. ಗೊತ್ತಿಲ್ಲದ ಪರಸ್ಥಳದವರು ಎದ್ದು ಹೋಗುತ್ತಾರೆ. ಗೊತ್ತಿದ್ದವರು ಹೊಟ್ಟೆ ತುಂಬ ತಿಂದು, ಕೈತೊಳೆದು, ಹೊರಡುವಾಗ "ಉಪ್ಪು ಸ್ವಲ್ಪ ಕಮ್ಮಿ" ಎನ್ನುತ್ತಾರೆ. ಮಾಲೀಕನ ಮುಖ ಅರಳುತ್ತದೆ.

ನಮ್ಮಲ್ಲಿ ಯಾವುದನ್ನೇ ಆಗಲಿ ಮನಸಾರೆ ಹೊಗಳಿ, ಆ ಮಾತು ಅದರ ಒಡೆಯರ ಕಿವಿಗೆ ಬಿದ್ದರೆ, ಅದು ಅಲ್ಲಿಗೆ ಕೆಟ್ಟಿತೆಂದೇ ಲೆಕ್ಕ. ಹಸು ಹಾಲು ಕೊಡುವುದನ್ನು ನಿಲ್ಲಿಸುತ್ತದೆ, ಹಾಡುವವಳ ಗಂಟಲು ಒಡೆಯುತ್ತದೆ, ಮಲ್ಲಿಗೆ ಬಳ್ಳಿ ಬರೀ ಎಲೆ ಬಿಡುತ್ತದೆ. ಯಾಕೆ ಎಂದು ಯಾರೂ ತಲೆ ಕೆಡಿಸಿಕೊಂಡವರಲ್ಲ. ಮಳೆ ಮೇಲಿನಿಂದಲೇ ಯಾಕೆ ಬೀಳುತ್ತದೆ ಎಂದು ಬೇರೆ ಊರಿನವರು ಕೇಳುತ್ತಾರೆಯೇ? ಹಾಗೆ. ಮಕ್ಕಳಿಗೆ ಇಡುವ ಹೆಸರುಗಳೂ ಅದಕ್ಕೆ ತಕ್ಕಂತೆ: ತಿಪ್ಪಮ್ಮ, ಗುಂಡವ್ವ, ಸೊಟ್ಟಪ್ಪ. ನನ್ನ ಹೆಸರು ಕಲ್ಲಪ್ಪ. ಮದುವೆ ಮನೆಯಲ್ಲಿ ಮದುಮಗಳನ್ನು ನೋಡಿದವರು, ಗೃಹಪ್ರವೇಶಕ್ಕೆ ಹೋಗಿ ಹೊಸ ಮನೆ ಸುತ್ತಿದವರು, ಬಾಣಂತಿಯ ಮಗ್ಗುಲಿನ ಕೂಸನ್ನು ಎತ್ತಿಕೊಂಡವರು, ಎಲ್ಲರೂ ಹೇಳುವುದು ಅದೊಂದೇ ಮಾತು. "ಉಪ್ಪು ಸ್ವಲ್ಪ ಕಮ್ಮಿ." ಅಂದರೆ ಇದು ಹೀಗೇ ಇರಲಿ, ಕೆಡದಿರಲಿ ಎಂದು ಅರ್ಥ.

ಎಚ್ಚರ ತಪ್ಪಿದವರೂ ಇದ್ದಾರೆ. ಗುಂಡವ್ವನ ಮನೆಗೆ ಹೊಸದಾಗಿ ಬಂದ ಅಳಿಯ ಬೇರೆ ಊರಿನವನು. ಹೋಳಿಗೆಯ ಮೊದಲ ತುತ್ತಿಗೇ ಅವನ ಕಣ್ಣಲ್ಲಿ ನೀರಾಡಿ, ನನ್ನ ತಾಯಿ ಕೂಡ ಇಂಥದ್ದು ಮಾಡಿರಲಿಲ್ಲ ಎಂದುಬಿಟ್ಟ. ಹೆಂಡತಿ ಅವನ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಮಾತು ದಾಟಿತ್ತು. ಅವತ್ತಿನಿಂದ ಗುಂಡವ್ವನ ಹೋಳಿಗೆ ಕಾವಲಿಯ ಮೇಲೆ ಹರಿದು ಹೂರಣವೆಲ್ಲ ಹೊರಗೆ. ಆಕೆ ಉಪ್ಪಿನಕಾಯಿ ಹಾಕುವುದನ್ನು ಶುರು ಮಾಡಿದಳು. ಅಳಿಯ ಇವತ್ತಿಗೂ ಆ ಮನೆಯಲ್ಲಿ ತಲೆಯೆತ್ತದೆ ಉಣ್ಣುತ್ತಾನೆ.

ಇದರ ಉಪಯೋಗವೂ ಇಲ್ಲದಿಲ್ಲ. ಮಾತ್ರೆಗೆ ಬಗ್ಗದ ಜ್ವರ ಬಂದರೆ ನಮ್ಮ ಡಾಕ್ಟರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅಡವಪ್ಪನವರಿಗೆ ಹೇಳಿಕಳಿಸುತ್ತಾರೆ. ಮೇಷ್ಟ್ರು ಹಾಸಿಗೆಯ ಪಕ್ಕ ಕುಳಿತು ರೋಗಿಯ ಹಣೆ ಮುಟ್ಟಿ, ಎಂಥಾ ಕಾವು, ಎಷ್ಟು ಹದವಾಗಿ ಮೈತುಂಬ ಹಬ್ಬಿದೆ, ಕೆನ್ನೆಯ ಮೇಲೆ ಈ ಕೆಂಪು ಎಂಥಾ ಕೈ ಬಳಿದದ್ದು ಎಂದು ಗದ್ಗದರಾಗುತ್ತಾರೆ. ಸಂಜೆಯೊಳಗೆ ಜ್ವರ ಜಾರುತ್ತದೆ. ಬಾಯಿಮಾತಿಗೆ ಅದು ಜಗ್ಗುವುದಿಲ್ಲ. ಜ್ವರವನ್ನು ಕಂಡು ನಿಜವಾಗಿ ಕರಗುವ ಮನಸ್ಸು ಊರಿನಲ್ಲಿ ಅವರೊಬ್ಬರಿಗೇ ಇದೆ.

ಒಳ್ಳೆಯ ಮಾತಿಗೆ ನಮ್ಮಲ್ಲಿರುವ ಹೊತ್ತು ಒಂದೇ, ಸಾವು. ಸತ್ತವರ ಯಾವ ಗುಣವೂ ಇನ್ನು ಕೆಡಲಾರದು. ಆದ್ದರಿಂದ ಹೆಣದ ಮುಂದೆ ಕುಳಿತು ಜನ ಆಯುಷ್ಯವಿಡೀ ನುಂಗಿಕೊಂಡದ್ದನ್ನೆಲ್ಲ ಹೇಳುತ್ತಾರೆ. ನನ್ನ ಸೋದರಮಾವ ತೀರಿಕೊಂಡಾಗ ಅವನ ಹೆಂಡತಿ ಬೂದತ್ತೆ ಹೀಗೇ ಕುಳಿತಿದ್ದಳು. ಅವನು ನಗುತ್ತಿದ್ದದ್ದು, ನಡೆಯುತ್ತಿದ್ದದ್ದು, ಅವಳ ಕಾಲು ಉಳುಕಿದಾಗ ಎಣ್ಣೆ ತೀಡಿದ್ದು, ಒಂದೊಂದನ್ನೂ ಎತ್ತಿ ಹೇಳಿದಳು. ಚಟ್ಟ ಕಟ್ಟುವವರು ಹಗ್ಗ ಹಿಡಿದು ಕಾಯುತ್ತ ನಿಂತರು. ನಾನಾಗ ಚಿಕ್ಕವನು. ಅವಳು ಮಾತು ಮುಗಿಸಿ ಮಾವನ ಮುಖವನ್ನು ನೋಡಿದ ರೀತಿ ನನಗೆ ನೆನಪಿದೆ. ಅವನು ಏನಾದರೂ ಅನ್ನಬಹುದೆಂದು ಕಾದ ಹಾಗೆ.

ಅಪ್ಪ ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ಬೂದತ್ತೆ. ಪಕ್ಕದ ಪಟ್ಟಣದ ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರದ ಎಂ.ಎ. ಮುಗಿಸಿ ಮೊದಲ ದರ್ಜೆಯ ಅಂಕಪಟ್ಟಿ ತಂದಾಗ, "ಇನ್ನೂ ಸ್ವಲ್ಪ ಓದಿದ್ರೆ ಪಾಸಾಗ್ತಿದ್ದೆ" ಎಂದು ಒಳಗೆ ಹೋಗಿ ಪಾಯಸಕ್ಕೆ ಇಟ್ಟಳು. ತರ್ಕ ಓದಿದವನಿಗೆ ನಮ್ಮೂರಿನಲ್ಲಿ ಕೆಲಸವಿರಲಿಲ್ಲ. ಬೇರೆ ಊರಿನಲ್ಲೂ ಇರಲಿಲ್ಲ. ನಾನು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಜನ ನಾನು ಯೋಚಿಸುತ್ತಿದ್ದೇನೆಂದು ತಿಳಿಯುತ್ತಿದ್ದರು. ನಿಜವಾಗಿ ನಾನು ಕೇಳಿಸಿಕೊಳ್ಳುತ್ತಿದ್ದೆ. ನಮ್ಮೂರಿನಲ್ಲಿ ಒಂದು ಬಗೆಯ ಮೌನವಿದೆ. ಮಗಳು ಹೊಸ ಸೀರೆಯುಟ್ಟು ಹೊರಬಂದಾಗ ತಾಯಿ ಬಾಯಿ ತೆರೆದು, ಮುಚ್ಚಿ, ಆಮೇಲೆ "ಸೆರಗು ನೆಲ ಗುಡಿಸ್ತಿದೆ ನೋಡು" ಎನ್ನುತ್ತಾಳಲ್ಲ, ಆ ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ನಡುವೆ ಇರುವಂಥದ್ದು. ನನಗೆ ಅದು ಕೇಳಿಸುತ್ತಿತ್ತು. ಅದನ್ನು ಕೇಳುವುದರಿಂದ ಹೊಟ್ಟೆ ತುಂಬುವುದಿಲ್ಲ ಎಂಬುದೂ ತಿಳಿದಿತ್ತು.

ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ ನೀಲಿ ಕೋಟಿನ ಗುರು ಸಿಕ್ಕಿದ. ಆನ್‌ಲೈನ್ ಮಾರ್ಕೆಟಿಂಗ್ ಕಲಿಸುವವನು. ಏನೂ ಗೊತ್ತಿಲ್ಲದವರೇ ನನಗೆ ಬೇಕು ಎಂದು ಅವನು ಪರದೆಯಿಂದ ನನ್ನ ಕಡೆಗೇ ಬೆರಳು ತೋರಿಸಿದಾಗ, ಇಷ್ಟು ಸರಿಯಾಗಿ ನನ್ನನ್ನು ಗುರುತಿಸಿದವರು ಇನ್ನೊಬ್ಬರಿಲ್ಲ ಅನ್ನಿಸಿತು. ಕೋರ್ಸಿಗೆ ಸೇರಿಕೊಂಡೆ. ಮಾರುವ ವಸ್ತು ಹುಡುಕಿಕೊಂಡು ಲೋಕ ಸುತ್ತಬೇಡಿ, ಕೂತಲ್ಲೇ ಕಣ್ಣು ಹಾಯಿಸಿ ಎಂಬುದು ಅವನ ಮೊದಲ ಪಾಠ. ನಾನು ಕೂತಲ್ಲೇ ಕಣ್ಣು ಹಾಯಿಸಿದೆ. ಜಗಲಿಯ ಆ ತುದಿಯಲ್ಲಿ ಬೂದತ್ತೆ ಬೂರುಗದ ಹತ್ತಿ ಹಿಂಜುತ್ತಿದ್ದಳು.

ಅತ್ತೆ ದಿಂಬು ಮಾಡುತ್ತಾಳೆ. ಬೂರುಗದ ಕಾಯಿ ಒಡೆದು, ಬೀಜ ತೆಗೆದು, ಹತ್ತಿಯನ್ನು ಹಿಂಜಿ, ಪಟ್ಟೆ ಬಟ್ಟೆಯ ಚೀಲಕ್ಕೆ ಅಂಗೈಯಲ್ಲಿ ಒತ್ತಿ ಒತ್ತಿ ತುಂಬುತ್ತಾಳೆ. ಅದರ ಮೇಲೆ ತಲೆಯಿಟ್ಟವರು ಹಾಗೇ ನಿದ್ದೆಹೋಗುತ್ತಾರೆ. ಇದನ್ನು ನಾನೀಗ ಬರೆಯಬಹುದು, ಆಗ ಯಾರೂ ಹೇಳುವಂತಿರಲಿಲ್ಲ. "ಬೂದಮ್ಮನ ದಿಂಬು ಸ್ವಲ್ಪ ಗಟ್ಟಿ ಕಣ್ರೀ" ಎನ್ನುತ್ತಲೇ ಕೊಂಡುಹೋಗುತ್ತಿದ್ದರು. ಗಂಡನ ಮನೆಗೆ ಹೊರಟ ಹುಡುಗಿಯರು ಬೇರೆಲ್ಲ ಸಾಮಾನನ್ನು ಲಾರಿಗೆ ಹಾಕಿಸಿ ಅದೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು.

ನಿಮ್ಮ ವಸ್ತುವಿನ ಒಳ್ಳೆಯ ಗುಣಗಳನ್ನೆಲ್ಲ ಬರೆದು, ಗಟ್ಟಿಯಾಗಿ ಓದಿಕೊಳ್ಳಿ ಎಂಬುದು ಎರಡನೆಯ ಪಾಠ. ಪೆನ್ನು ತೆಗೆದುಕೊಂಡವನು ಕೆಳಗಿಟ್ಟೆ. ಗುಂಡವ್ವನ ಹೋಳಿಗೆಗೆ ಆದದ್ದು ಅತ್ತೆಯ ಅಂಗೈಗೆ ಆದರೆ? ಬಾಯಿಮಾತಿನ ಹೊಗಳಿಕೆಗೆ ಜ್ವರ ಜಗ್ಗುವುದಿಲ್ಲ, ನಿಜ. ಆದರೆ ಹೇಳುತ್ತ ಹೇಳುತ್ತ ಮನಸ್ಸು ಬಂದುಬಿಟ್ಟರೆ ಯಾರು ಹೊಣೆ? ಅತ್ತೆಗೆ ಆ ಕೈ ಬಿಟ್ಟು ಬೇರೆ ಏನೂ ಇರಲಿಲ್ಲ. ನನಗೆ ಅತ್ತೆಯನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಪಾಠವನ್ನು ಬದಿಗಿಟ್ಟು, ನಮ್ಮೂರಿನಲ್ಲಿ ಹೇಗೆ ಮಾರುತ್ತೇವೋ ಹಾಗೇ ಬರೆದೆ. ‘ಬೂದಮ್ಮನ ದಿಂಬು. ನೋಡಲು ಏನೂ ಇಲ್ಲ. ಹೊಲಿಗೆ ಸೊಟ್ಟ. ಸ್ವಲ್ಪ ಗಟ್ಟಿ. ನಿದ್ದೆ ಬಂದರೆ ಬರಬಹುದು, ಬರದಿದ್ದರೆ ನಮ್ಮನ್ನು ಕೇಳಬೇಡಿ. ಬೇಡದಿದ್ದವರು ಕೊಳ್ಳುವುದು ಬೇಡ.’ ಮೇಲೆ ಒಂದು ದಿಂಬಿನ ಫೋಟೊ ಸೇರಿಸಿ ಆನ್‌ಲೈನ್ ಅಂಗಡಿಯ ಪುಟಕ್ಕೆ ಹಾಕಿದೆ. ಫೋಟೊ ಮಸುಕಾಗಿತ್ತು.

ಊರಿನ ಕೊರಿಯರ್ ಆಫೀಸು ನಡೆಸುವ ಸೊಟ್ಟಪ್ಪ ಅದನ್ನು ಮೊದಲು ಓದಿದ. ಎಂ.ಎ. ಆದ ದಿನದಿಂದ ಅವನು ನನ್ನನ್ನು ಕರೆಯುವುದು ಎಮ್ಮೆ ಎಂದು. "ಏನಯ್ಯಾ ಎಮ್ಮೆ, ಹೊಲಿಗೆ ಸೊಟ್ಟ ಅಂತ ಬರೆದು ನನ್ನ ಹೆಸರು ಯಾಕೆ ಎಳೆದೆ?" ಎಂದ. ಆಮೇಲೆ ಇನ್ನೊಮ್ಮೆ ಓದಿ, ಗಂಭೀರವಾಗಿ, ಜಾಹೀರಾತು ಬಹಳ ಚೊಕ್ಕಟ... ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡು, ಅಕ್ಷರ ದೊಡ್ಡದಾಯಿತು ಎಂದು ಮುಗಿಸಿದ.

ಗುರುವಿಗೆ ಹಿಡಿಸಲಿಲ್ಲ. ಕೋರ್ಸಿನ ಗುಂಪಿನಲ್ಲಿ ಎಲ್ಲರ ಮುಂದೆ ನನ್ನ ಜಾಹೀರಾತು ತೋರಿಸಿ, ಹೇಗೆ ಬರೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ ಎಂದ. ಜನ ನಕ್ಕರು. ನಕ್ಕವರು ಗೆಳೆಯರಿಗೆ ಕಳಿಸಿದರು, ಅವರು ಇನ್ನಷ್ಟು ಜನಕ್ಕೆ ಕಳಿಸಿದರು. ದಿನವಿಡೀ ಮೊಬೈಲಿನಲ್ಲಿ ಅತ್ಯುತ್ತಮ, ಅದ್ವಿತೀಯ, ಅಮೋಘ ಎಂಬ ಮಾತುಗಳನ್ನು ಓದಿ ಓದಿ ಬೇಸತ್ತ ಯಾರೋ ಒಬ್ಬರು, ಈ ಮನುಷ್ಯ ಕನಿಷ್ಠ ಸುಳ್ಳು ಹೇಳುವವನಲ್ಲ ಎಂದು ಒಂದು ದಿಂಬಿಗೆ ಆರ್ಡರ್ ಹಾಕಿದರು. ಮತ್ತೊಬ್ಬರು ಹಾಕಿದರು. ಆಮೇಲೆ ಸೊಟ್ಟಪ್ಪ ನಮ್ಮ ಮನೆಗೂ ಆಫೀಸಿಗೂ ಗಾಡಿ ಹೊಡೆದೇ ಹೊಡೆದ. ಗುರು ಆ ವಾರದ ಪಾಠದಲ್ಲಿ ನನ್ನ ಜಾಹೀರಾತನ್ನು ಮತ್ತೆ ತೋರಿಸಿ, ಇದನ್ನೇ ನಾನು ಮೊದಲಿಂದ ಹೇಳುತ್ತಿದ್ದದ್ದು ಎಂದ.

ಊರಿಗೆ ಸುದ್ದಿ ಹಬ್ಬಿ ನಮ್ಮ ಜಗಲಿ ಸಂತೆಯಾಯಿತು. ಎಲ್ಲರಿಗೂ ಜಾಹೀರಾತು ಬೇಕು. ಚಪ್ಪಲಿ ಹೊಲಿಯುವವನು ಬಂದು, ತನ್ನ ಚಪ್ಪಲಿ ಕಚ್ಚುತ್ತದೆ ಎಂದಷ್ಟೇ ಬರೆದರೆ ಸಾಲದು, ಹಿಮ್ಮಡಿಯನ್ನೇ ಕಚ್ಚುತ್ತದೆ ಎಂದು ಬರೆ ಎಂದ. ತಿಪ್ಪಮ್ಮ ತನ್ನ ಮಾವಿನಮಿಡಿಗೆ ‘ನಾಯಿಯೂ ಮೂಸದ ಉಪ್ಪಿನಕಾಯಿ’ ಎಂದು ಬರೆಸಿಕೊಂಡು ಹೋದಳು. ಅದೇ ಮಧ್ಯಾಹ್ನ ಗುಂಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ನಾಯಿಯೂ ಮೂಸದ್ದು ಎಂಬುದು ತನ್ನ ಉಪ್ಪಿನಕಾಯಿಗೆ ತಾನು ಮೊದಲ ಭರಣಿಯಿಂದಲೂ ಹೇಳಿಕೊಂಡು ಬಂದ ಮಾತು, ತಿಪ್ಪಮ್ಮನ ಉಪ್ಪಿನಕಾಯಿ ಅಷ್ಟೊಂದು ಕೆಟ್ಟದ್ದಾಗಲು ಅದಕ್ಕೇನು ಯೋಗ್ಯತೆ ಇದೆ ಎಂಬುದು ಅವಳ ವಾದ. ಇಬ್ಬರೂ ಬೀದಿಯಲ್ಲಿ ನಿಂತು ಜಗಳವಾಡಿದರು. "ನಿಂದು ತಿಂದೋರು ಉಗೀತಾರೆ ಅಷ್ಟೆ, ನಂದು ತಿಂದೋರು ನೀರು ಕುಡಿದು ಮತ್ತೆ ಉಗೀತಾರೆ" ಎಂದಳು ಗುಂಡವ್ವ. ತಿಪ್ಪಮ್ಮನಿಗೆ ಅಳು ಬಂತು. ಕೊನೆಗೆ ಒಬ್ಬಳಿಗೆ ನಾಯಿಯನ್ನೂ ಇನ್ನೊಬ್ಬಳಿಗೆ ಹಂದಿಯನ್ನೂ ಹಂಚಿ ರಾಜಿ ಮಾಡಿಸಿದೆ. ನನ್ನ ತರ್ಕಶಾಸ್ತ್ರ ಮೊದಲ ಸಲ ಉಪಯೋಗಕ್ಕೆ ಬಂತು.

ಅಷ್ಟರಲ್ಲಿ ರಿವ್ಯೂಗಳು ಬರತೊಡಗಿದವು. ಕೊಂಡವರು ತಮ್ಮ ಅಭಿಪ್ರಾಯ ಬರೆದು ಚುಕ್ಕಿ ಕೊಡುವ ಜಾಗವೊಂದು ಆ ಪುಟದ ಕೆಳಗೆ ಇರುತ್ತದೆ. ನಾನು ಅದನ್ನು ಗಮನಿಸಿರಲಿಲ್ಲ. ಬೆಳಿಗ್ಗೆ ನೋಡಿದರೆ ಅಲ್ಲಿ ‘ಸೂಪರ್ ಪ್ರಾಡಕ್ಟ್’ ಎಂದಿತ್ತು. ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಸೊಟ್ಟಪ್ಪ ಅದನ್ನು ತಡೆಯಲಾರದೆ ಗಟ್ಟಿಯಾಗಿ ಓದಿಯೇಬಿಟ್ಟ. ಅತ್ತೆ ಅಲ್ಲೇ ಇದ್ದಳು. ನಾವಿಬ್ಬರೂ ಅವಳ ಕೈಯನ್ನೇ ನೋಡುತ್ತ ಕುಳಿತೆವು. ಅವಳು ತುಂಬುತ್ತಿದ್ದ ದಿಂಬನ್ನು ಹೊಲಿದು ಮುಗಿಸಿದಳು. ಸೊಟ್ಟಪ್ಪ ಪರೀಕ್ಷೆಗೆಂದು ಅದರ ಮೇಲೆ ತಲೆಯಿಟ್ಟವನು ಸಂಜೆ ಎದ್ದು, ತಲುಪಿಸಬೇಕಿದ್ದ ಪಾರ್ಸಲುಗಳೆಲ್ಲ ಉಳಿದವೆಂದು ಗೋಳಾಡಿದ.

ಆಮೇಲೆ ನೂರಾರು ಬಂದವು. ಬೆಂಕಿ, ಅಲ್ಟಿಮೇಟ್, ಮಸ್ತ್ ಗುರು, ವಾವ್, ಹೃದಯದ ಚಿತ್ರ, ಚಪ್ಪಾಳೆಯ ಚಿತ್ರ. ಒಂದೂ ತಟ್ಟಲಿಲ್ಲ. ಬರೆದವರಲ್ಲಿ ಯಾರಿಗೂ ಮನಸ್ಸಿರಲಿಲ್ಲ. ದಿಂಬಿಗೆ ಬರೆದ ಬೆರಳು ಮರುಕ್ಷಣವೇ ಬಕೆಟ್ಟಿಗೂ ಅದನ್ನೇ ಬರೆದಿರುತ್ತಿತ್ತು. ಊರಿಗೆ ಇದೊಂದು ಹೊಸ ಮೋಜಾಯಿತು. ಮಧ್ಯಾಹ್ನದ ಊಟ ಮುಗಿಸಿ ಗಂಡಸರು ಹೆಂಗಸರು ನಮ್ಮ ಜಗಲಿಗೆ ಬಂದು, ಮಕ್ಕಳನ್ನು ಆಚೆಗೆ ಕಳಿಸಿ, ರಿವ್ಯೂ ಓದಿಸಿಕೊಳ್ಳುತ್ತಿದ್ದರು. ಬೇರೆ ಊರುಗಳಲ್ಲಿ ಪೋಲಿ ಮಾತಿಗೆ ಹೇಗೆ ನಗುತ್ತಾರೋ ಹಾಗೆ ಇಲ್ಲಿ ‘ಅತ್ಯದ್ಭುತ’ ಎಂದರೆ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಸಂಸಾರವಂತರು ಕೇಳುವ ಮಾತೇ ಇದು ಎಂದು ಹಿರಿಯರೊಬ್ಬರು ಬೈದು, ನಾಳೆ ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡು ಹೋದರು. ಅತ್ತೆ ಇದಕ್ಕೆಲ್ಲ ಕಿವಿಗೊಡುತ್ತಿರಲಿಲ್ಲ. ಒಮ್ಮೆ ಮಾತ್ರ, "ಅಲ್ವೋ ಕಲ್ಲ, ಅವರೆಲ್ಲ ನಿಜವಾಗ್ಲೂ ಮಲ್ಕೊಂಡ್ರಂತಾ?" ಎಂದು ಕೇಳಿದಳು. ಹಾಗೆಂದು ಯಾರೂ ಬರೆದಿರಲಿಲ್ಲ.

ಬರೆದವಳು ನಳಿನಾಕ್ಷಿ ಎಂಬಾಕೆ. ಎಲ್ಲಿಯವಳೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಅವಳ ಬರಹ ಬಂತು. ಓದುವಾಗ ಜಗಲಿಯಲ್ಲಿ ನಾನೊಬ್ಬನೇ ಇದ್ದೆ. ಅದರಲ್ಲಿ ಸೂಪರ್ ಇರಲಿಲ್ಲ, ಚಿತ್ರವಿರಲಿಲ್ಲ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಹಿತ್ತಲಲ್ಲಿ ಅತ್ತೆ ಬೂರುಗದ ಕಾಯಿ ಒಡೆಯುವ ಸದ್ದು ಕೇಳಿಸುತ್ತಿತ್ತು. ಈ ಮಾತು ಅವಳ ಕಿವಿಗೆ ಬಿದ್ದರೆ ಆ ಸದ್ದು ಅಲ್ಲಿಗೇ ನಿಲ್ಲುತ್ತದೆ ಎಂದು ನನಗೆ ಅನುಮಾನವೇ ಇರಲಿಲ್ಲ. ಅದನ್ನು ಅಳಿಸಲು ನೋಡಿದೆ. ಗಿರಾಕಿ ಬರೆದದ್ದನ್ನು ಮಾರುವವನು ಅಳಿಸುವಂತಿಲ್ಲವಂತೆ. ಗುರುವಿಗೆ ಬರೆದು ಕೇಳಿದರೆ, ಇಂಥ ರಿವ್ಯೂಗಾಗಿ ಜನ ಪ್ರಾಣ ಬಿಡುತ್ತಾರೆ, ದಿಂಬು ಮಾಡುವಾಕೆಯ ಮುಂದೆ ಓದಿ, ಆಕೆ ಅಳುವುದನ್ನು ವಿಡಿಯೊ ಮಾಡಿ ಹಾಕು, ಕುಳಿತು ಉಣ್ಣಬಹುದು ಎಂದ.

ಅವತ್ತು ಮಧ್ಯಾಹ್ನದ ಓದನ್ನು ನಿಲ್ಲಿಸಿದೆ. ಆದರೆ ಎಲ್ಲರ ಬಳಿಯೂ ಮೊಬೈಲ್ ಇತ್ತು. ಸಂಜೆಯೊಳಗೆ ಊರಿಗೆ ಊರೇ ಅದನ್ನು ಒಳಗೊಳಗೇ ಓದಿಕೊಂಡಿತ್ತು. ಮಾರನೆಯ ದಿನ ನಮ್ಮೂರಿನಲ್ಲಿ ನಾನು ಹಿಂದೆಂದೂ ಕೇಳಿರದಂಥ ಮೌನ ಕೇಳಿದೆ. ಅತ್ತೆ ನೀರಿಗೆ ಹೋದರೆ ನಲ್ಲಿಯ ಬಳಿ ಇದ್ದವರು ಸರ್ರನೆ ದಾರಿ ಬಿಟ್ಟರು. ಎಲ್ಲಿ ಬಾಯಿ ಜಾರುತ್ತದೋ ಎಂದು ತಿಪ್ಪಮ್ಮ ಕೆನ್ನೆ ಉಬ್ಬುವಷ್ಟು ಎಲೆಯಡಿಕೆ ತುಂಬಿಕೊಂಡು ಬರೀ ತಲೆಯಾಡಿಸಿದಳು. ಹೋಳಿಗೆ ಕೆಡಿಸಿದ ಅಳಿಯನನ್ನಂತೂ ಗುಂಡವ್ವ ಕೋಣೆಯೊಳಗೆ ಹಾಕಿ ಚಿಲಕವಿಟ್ಟಳು. ಸೊಟ್ಟಪ್ಪ ಬಂದು ದಿಂಬುಗಳನ್ನು ಗಾಡಿಗೆ ಹೇರಿ, ಒಂದೂ ಕೊಂಕು ನುಡಿಯದೆ, ಅತ್ತೆಯ ಕಡೆ ಕಣ್ಣೆತ್ತದೆ ಹೊರಟುಹೋದ. ಅವನು ಹಾಗೆ ಬಾಯಿ ಕಟ್ಟಿಕೊಂಡು ಹೋದದ್ದು ಇದೇ ಮೊದಲು.

ಎರಡು ದಿನ ಇದನ್ನು ನೋಡಿ, ಮೂರನೆಯ ದಿನ ಅತ್ತೆ ನನ್ನ ಮುಂದೆ ಕುಳಿತಳು. "ನನಗೇನಾಗಿದೆ ಹೇಳು" ಎಂದಳು. ಏನೂ ಆಗಿಲ್ಲ ಎಂದೆ. "ಸುಳ್ಳು ಹೇಳ್ಬೇಡ ಕಲ್ಲ. ಊರಲ್ಲಿ ಒಬ್ರೂ ನನ್ನ ಬೈತಿಲ್ಲ. ನಿನ್ನೆ ಬೇಕು ಅಂತ್ಲೇ ಸೊಟ್ಟಪ್ಪನ ಕಾಲ ಮೇಲೆ ನೀರಿನ ಕೊಡ ಇಟ್ಟೆ. ಅವನು ನನಗೇ ಕೈಮುಗಿದ. ನಾನು ಸಾಯ್ತೀನಾ?"

ನನಗೆ ನಗು ಬರಬೇಕಿತ್ತು. ಅವಳ ಮುಖ ನೋಡಿದರೆ ಬರಲಿಲ್ಲ. ನಿಜ ಹೇಳಿದೆ. ಯಾರೋ ಒಬ್ಬಾಕೆ ನಿನ್ನ ದಿಂಬಿನ ಬಗ್ಗೆ ಬರೆದಿದ್ದಾಳೆ, ಬಾಯಿಮಾತಲ್ಲ, ಮನಸ್ಸಿನಿಂದ ಬರೆದದ್ದು, ನಿನಗೆ ಕೇಳಿಸಿದರೆ ನಿನ್ನ ಕೈ ಹೋಗುತ್ತದೆ, ಅದಕ್ಕೆ ಊರಿನವರು ಬಾಯಿ ಮುಚ್ಚಿಕೊಂಡಿದ್ದಾರೆ ಎಂದೆ. ಅತ್ತೆ ಮಡಿಲಲ್ಲಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದಳು. ಆಮೇಲೆ ಅವಳ ಹೆಸರೇನೆಂದು ಕೇಳಿದಳು. ಹೇಳಿದೆ. "ನಳಿನಾಕ್ಷಿ" ಎಂದು ತನಗೆ ತಾನೇ ಹೇಳಿಕೊಂಡು, "ಹುಟ್ಟಿದ ಮಗೂಗೆ ತಾವರೆ ಕಣ್ಣು ಅಂತ ಹೆಸರಿಟ್ಟಿದಾರಲ್ಲೋ. ಕಣ್ಣು ಚೆನ್ನಾಗಿದಾವಂತಾ ಪಾಪ?" ಎಂದಳು. ಅದನ್ನು ಆಕೆ ಬರೆದಿಲ್ಲ ಎಂದೆ.

"ಓದು" ಎಂದಳು.

ಆಗುವುದಿಲ್ಲ ಎಂದೆ. ಆರ್ಡರುಗಳಿವೆ, ಅಂಗಡಿ ಈಗಷ್ಟೇ ಕಣ್ಣು ಬಿಡುತ್ತಿದೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ನಿನ್ನ ಕೈ ಎಂದೆ. ನಾನು ಅಷ್ಟು ಮಾತಾಡಿದ್ದು ಅಪರೂಪ. ಅತ್ತೆ ಸಮಾಧಾನದಿಂದ ಕೇಳಿಸಿಕೊಂಡಳು.

"ನಿಮ್ಮ ಮಾವನ ಮುಂದೆ ಕೂತು ಅವತ್ತು ಎಷ್ಟೊಂದು ಹೇಳಿದೆ, ನೆನಪಿದೆಯಾ?" ಎಂದಳು. "ಒಂದಾದ್ರೂ ಅವರಿಗೆ ಕೇಳಿಸ್ತಾ? ಕೇಳಿಸಿದ್ರೆ ಏನನ್ಕೋತಿದ್ರೋ ಅಂತ ಇವತ್ತಿಗೂ ಹತ್ತಿ ಹಿಂಜ್ತಾ ಹಿಂಜ್ತಾ ಯೋಚ್ನೆ ಮಾಡ್ತೀನಿ. ನಾನು ಹೋದ ದಿನ ನೀನೂ ನನ್ನ ಮುಂದೆ ಕೂತು ಹೇಳ್ತೀಯ. ತಿಪ್ಪಮ್ಮ ಹೇಳ್ತಾಳೆ, ಸೊಟ್ಟಪ್ಪ ಹೇಳ್ತಾನೆ. ನಾನು ಹೂವಿನ ಹಾರ ಹಾಕಿಸ್ಕೊಂಡು ಸುಮ್ನೆ ಮಲಗಿರ್ತೀನಿ. ನನಗೆ ಬೇಡ ಅದು. ದಿಂಬು ಬಿಟ್ರೆ ಚಾಪೆ ಹೆಣೀತೀನಿ. ಬಂದ ಆರ್ಡರೆಲ್ಲ ಮುಗಿಸ್ಕೊಡ್ತೀನಿ, ಆಮೇಲೆ ಓದು."

ಅವಳು ಆರ್ಡರುಗಳನ್ನು ಮುಗಿಸತೊಡಗಿದಳು. ನಾನು ಹೊಸದನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಗುರು ಕೆರಳಿ ಉದ್ದನೆಯ ಸಂದೇಶ ಕಳಿಸಿದ. ಏರುತ್ತಿರುವ ವ್ಯಾಪಾರಕ್ಕೆ ತಾನಾಗಿ ಬಾಗಿಲು ಹಾಕುವವನನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ಅದರಲ್ಲಿತ್ತು. ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ ಲೆಕ್ಕ. ಬರೆದವಳು ಆಕೆ, ಓದುವವನು ನಾನು. ಓದುವವನ ಮನಸ್ಸು ಅದರಲ್ಲಿ ಇಲ್ಲದಿದ್ದರೆ ಮಾತು ಅತ್ತೆಗೆ ಕೇಳಿಸಿಯೂ ಕೈ ಉಳಿಯಬಹುದಲ್ಲ? ಅಡವಪ್ಪ ಮೇಷ್ಟ್ರ ಬಳಿ ಹೋಗಿ ಕೇಳಿದೆ. ಅವರು ತಮ್ಮ ಹಿತ್ತಲಿನಲ್ಲಿ ಕುಳಿತು ಹಲ್ಲುನೋವಿನ ಬಗ್ಗೆ ಮನಸ್ಸು ಹದ ಮಾಡಿಕೊಳ್ಳುತ್ತಿದ್ದರು. ಸಂಜೆ ಯಾರದೋ ಮನೆಗೆ ಹೋಗುವುದಿತ್ತು. ನನ್ನ ಮಾತು ಕೇಳಿ, ಪ್ರಯತ್ನ ಮಾಡಿ ನೋಡು, ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದು ಎಂದರು. ನಾನು ಹೊರಟಾಗ ಹಿಂದಿನಿಂದ, "ಕಲ್ಲಪ್ಪ, ನಾನು ಮೊದಮೊದಲು ಜ್ವರವನ್ನೂ ಸುಮ್ನೆ ಬಾಯಿಮಾತಿಗೆ ಹೊಗಳೋಣ ಅಂತ್ಲೇ ಕೂತಿದ್ದು" ಎಂದರು.

ನಿಲ್ದಾಣಕ್ಕೆ ಹೋಗಿ ವೇಳಾಪಟ್ಟಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಎಲ್ಲಿಂದ ಎಲ್ಲಿಗೆ, ಯಾವ ಮಾರ್ಗವಾಗಿ, ಎಷ್ಟು ಹೊತ್ತಿಗೆ. ಅದೇ ದನಿಯಲ್ಲಿ ನಳಿನಾಕ್ಷಿಯ ಸಾಲುಗಳನ್ನು ಗುನುಗಿದೆ. ಮರದ ದನಿ ಬಂತು. ಹೋಟೆಲಿನ ಮಾಲೀಕ ಗಲ್ಲಾದಿಂದಲೇ ನೋಡುತ್ತ, ಈ ಎಮ್ಮೆಗೆ ಬಸ್ಸೂ ಹತ್ತಲಿಕ್ಕೆ ಬರುವುದಿಲ್ಲವೇ ಎಂದು ಯಾರಿಗೋ ಹೇಳಿದ.

ಕೊನೆಯ ದಿಂಬು ಗಾಡಿಗೆ ಹೋದ ಮಧ್ಯಾಹ್ನ ಅತ್ತೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು, ಜಗಲಿಗೆ ಬಂದು ಗೋಡೆಗೆ ಒರಗಿ ಕುಳಿತಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬೀದಿಯಲ್ಲಿ ಜನ ಸೇರಿದ್ದರು, ಯಾರೂ ಹತ್ತಿರ ಬರಲಿಲ್ಲ. ಸೊಟ್ಟಪ್ಪ ಗಾಡಿಯ ಮೇಲೆ ಕುಳಿತೇ ಇದ್ದ, ಹೊರಡಲಿಲ್ಲ. ನಾನು ಮೊಬೈಲ್ ತೆಗೆದು ವೇಳಾಪಟ್ಟಿಯ ದನಿಯಲ್ಲಿ ಶುರು ಮಾಡಿದೆ.

"ನನ್ನ ಮಗ ಹೋದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ನಿದ್ದೆ ಬಂದರೆ ಬರಬಹುದು ಎಂದು ಬರೆದಿದ್ದಿರಿ. ಬೇರೆ ಯಾರೂ ಅಷ್ಟು ಕಡಿಮೆ ಮಾತು ಕೊಟ್ಟಿರಲಿಲ್ಲ, ಅದಕ್ಕೇ ಕೊಂಡೆ."

ಇಲ್ಲಿಯವರೆಗೆ ದನಿ ಸರಿಯಾಗಿತ್ತು. ಅತ್ತೆ ಕಣ್ಣು ಮುಚ್ಚಿದ್ದಳು.

"ನಿನ್ನೆ ಮಧ್ಯಾಹ್ನ ಸುಮ್ಮನೆ ತಲೆಯಿಟ್ಟೆ. ಎದ್ದಾಗ ಬೆಳಗಾಗಿತ್ತು. ಇದನ್ನು ತುಂಬಿದ ಕೈ ಯಾರದು ಎಂದು ನನಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದಾಗ..."

ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಮೇಷ್ಟ್ರು ಬರುವವರೆಗೆ ಹಣೆಯ ಮೇಲೆ ಇರುತ್ತಿದ್ದ ಕೈಯನ್ನು ನಾನು ನೋಡಿದೆ. ಅದು ಮಡಿಲಲ್ಲಿ ಮತ್ತೊಂದನ್ನು ಹಿಡಿದುಕೊಂಡಿತ್ತು. ವೇಳಾಪಟ್ಟಿ ನನ್ನಿಂದ ಜಾರಿಹೋಯಿತು. ನಿಲ್ಲಿಸಬಹುದಾಗಿತ್ತು. ನಿಲ್ಲಿಸಿದ್ದರೆ ಅದು ಮತ್ತೊಂದು ನುಂಗಿದ ಮಾತಾಗುತ್ತಿತ್ತು, ನನಗೆ ಇಷ್ಟವಾದ ಆ ಮೌನಗಳಲ್ಲಿ ಮತ್ತೊಂದು. ಓದಿದೆ.

"ಚಿಕ್ಕಂದಿನಲ್ಲಿ ಜ್ವರ ಬಂದಾಗ ತಲೆಯ ಕೆಳಗೆ ಇರುತ್ತಿದ್ದ ಕೈ ನೆನಪಾಯಿತು. ಇದು ಆ ಕೈಯೇ. ನೀವು ಯಾರೇ ಆಗಿರಿ, ನಿಮ್ಮಂಥವರು ಎಲ್ಲೋ ಒಂದು ಕಡೆ ಕುಳಿತು ಕೆಲಸ ಮಾಡುತ್ತಿದ್ದೀರಿ ಎಂಬುದೇ ನನಗೆ ಸಾಕು."

ಅತ್ತೆ ಕಣ್ಣು ತೆರೆದು, ಪಕ್ಕದಲ್ಲಿದ್ದ ಬುಟ್ಟಿಯನ್ನು ಎಳೆದುಕೊಂಡು, ಒಂದು ಖಾಲಿ ಚೀಲಕ್ಕೆ ಹತ್ತಿ ತುಂಬಿದಳು. ಅಂಗೈಯಲ್ಲಿ ಒತ್ತಿದಳು. ಹತ್ತಿ ಗಂಟುಗಂಟಾಗಿ ಒಂದು ಮೂಲೆಗೆ ಸರಿಯಿತು. ಬಿಡಿಸಿ ಇನ್ನೊಮ್ಮೆ ತುಂಬಿದಳು, ಮತ್ತೆ ಗಂಟು. ಅದರ ಮೇಲೆ ತಲೆಯಿಟ್ಟು ನೋಡಿದಳು. ಎದ್ದು ಕುಳಿತು, "ಹೋಯ್ತು" ಎಂದಳು, ಬಂದಿದ್ದ ನೆಂಟರು ಬಸ್ಸು ಹತ್ತಿದರು ಎನ್ನುವ ಹಾಗೆ.

ನಾನು ಪಕ್ಕಕ್ಕೆ ಹೋಗಿ ಕುಳಿತೆ. ಹೇಗಿತ್ತು ಅತ್ತೆ ಎಂದು ಕೇಳಿದೆ. ಅವಳು ಬಾಯಿ ತೆರೆದು, ಮುಚ್ಚಿದಳು. ಸೆರಗಿನಿಂದ ಮೊಬೈಲಿನ ಮೇಲೆ ಬಿದ್ದಿದ್ದ ಹತ್ತಿಯ ಎಳೆಯೊಂದನ್ನು ಒರೆಸಿ ತೆಗೆದಳು.

"ಉಪ್ಪು ಸ್ವಲ್ಪ ಕಮ್ಮಿ" ಎಂದಳು. "ಇನ್ನೊಂದ್ಸಲ ಓದು."